ಶುಗರ್ ಬಂದರೆ ತಪ್ಪು ಯಾರದು? ರೋಗಿಗಳೂ ಡಾಕ್ಟರ್‌ಗಳೂ ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಶುಗರ್ ಬಂದು 9 ವರ್ಷ. ನನ್ನ ಅಕ್ಕ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನರ್ಸ್. ಹಾಗಾಗಿ ಡಾಕ್ಟರ್ ಮೇಜಿನ ಎರಡೂ ಕಡೆಯ ಮಾತು ನಮ್ಮ ಮನೆಯಲ್ಲಿ ಒಟ್ಟಿಗೇ ಇರುತ್ತದೆ, ಹಬ್ಬದ ದಿನ ಒಬ್ಬಟ್ಟು ಬಡಿಸುವಾಗ ಅದು ಜಗಳವೂ ಆಗುತ್ತದೆ. ಗುರುತಿನವರು ನಮ್ಮಿಬ್ಬರನ್ನೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಉತ್ತರ ನನ್ನದು. ಅಕ್ಕ ಕೆಲವು ಕಡೆ ತಿದ್ದಿದ್ದಾಳೆ, ಕೆಲವು ಕಡೆ ಒಪ್ಪಿಲ್ಲ. ಯಾವ ಮಾತ್ರೆ, ಎಷ್ಟು ಅನ್ನುವುದನ್ನು ಮಾತ್ರ ಇಲ್ಲಿ ಹುಡುಕಬೇಡಿ, ಅದನ್ನು ನಿಮ್ಮ ಡಾಕ್ಟರನ್ನೇ ಕೇಳಬೇಕು.

"ನಿಮ್ಮ ಆರೋಗ್ಯ ನಿಮ್ಮ ಕೈಯಲ್ಲಿದೆ" ಅಂದರೆ ಡಾಕ್ಟರ್ ನಿಜವಾಗಿ ಏನು ಹೇಳುತ್ತಿದ್ದಾರೆ?

ಗೋಡೆಯ ಪೋಸ್ಟರ್‌ನಲ್ಲಿ ಹಾಗೆ ಬರೆದಿರುತ್ತದೆ, ಒಳಗೆ ಯಾರೂ ಹಾಗೆ ಮಾತಾಡುವುದಿಲ್ಲ. ಡಾಕ್ಟರ್ "ಬಾಯಿ ಕಟ್ಟಿ" ಅನ್ನುತ್ತಾರೆ. "ಹಿಂಗೇ ಬಿಟ್ರೆ ಕಿಡ್ನಿ ಹೋಗುತ್ತೆ" ಅನ್ನುತ್ತಾರೆ. ನಾವು ಬಾಗಿಲು ದಾಟಿದ ಮೇಲೆ ನರ್ಸ್ ಕಡೆ ತಿರುಗಿ "ಫುಲ್ ನೆಗ್ಲೆಕ್ಟ್ ಮಾಡಿದ್ದಾರೆ" ಅನ್ನುತ್ತಾರೆ.

ಡಾಕ್ಟರ್ ಮಾತಾಡುವುದು ನಾಳೆ ಬೆಳಿಗ್ಗೆಯಿಂದ ಏನು ಮಾಡಬೇಕು ಅನ್ನುವುದನ್ನು. ನಮಗೆ ಕೇಳಿಸುವುದು ಇಷ್ಟು ವರ್ಷ ಏನು ಮಾಡಿದೆ ಅನ್ನುವ ವಿಚಾರಣೆ. ಒಂದೇ ಮಾತು ಅವರಿಗೆ ಕೆಲಸದ ಪಟ್ಟಿ, ನಮಗೆ ತೀರ್ಪು. ಈ ಪುಟದ ಅರ್ಧ ಜಗಳ ಇಲ್ಲಿಂದಲೇ ಶುರು.

ಹಾಗಾದರೆ ಶುಗರ್ ಬಂದದ್ದು ನನ್ನ ತಪ್ಪಲ್ವಾ?

ಸ್ವಲ್ಪ ಇರಬಹುದು. ನೀವು ಅಂದುಕೊಂಡಷ್ಟು ಅಲ್ಲ.

ಆಶಾ ಕಾರ್ಯಕರ್ತೆ ಮನೆಗೆ ಬಂದು 30 ದಾಟಿದವರ ಬಗ್ಗೆ ಒಂದು ಫಾರಂ ತುಂಬುತ್ತಾರೆ, ನೋಡಿರುತ್ತೀರಿ. ಅದರಲ್ಲಿ ಪ್ರತಿಯೊಂದಕ್ಕೂ ಅಂಕ ಇದೆ. ಒಟ್ಟು 4ಕ್ಕಿಂತ ಜಾಸ್ತಿ ಬಂದರೆ ಬೇಗ ತಪಾಸಣೆಗೆ ಹೋಗಬೇಕು. ಬೀಡಿ, ಸಿಗರೇಟು, ಹೊಗೆಸೊಪ್ಪು ದಿನಾ ಇದ್ದರೆ 2. ದಿನಾ ಕುಡಿದರೆ 1. ವಾರಕ್ಕೆ 150 ನಿಮಿಷ ಮೈ ಬಗ್ಗಿಸದಿದ್ದರೆ 1. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ 1, ಇನ್ನೂ ಜಾಸ್ತಿ ಇದ್ದರೆ 2. ಇವೆಲ್ಲ ಕೂಡಿದರೆ 6.

ಈಗ ಉಳಿದ ಎರಡು ಸಾಲು ನೋಡಿ. ವಯಸ್ಸು 60 ಆಗಿದ್ದರೆ ಅದಕ್ಕೇ 4. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಬಿಪಿ, ಶುಗರ್, ಹೃದಯದ ಕಾಯಿಲೆ ಇದ್ದರೆ 2. ಇದೂ 6. ಅಂದರೆ ಸರ್ಕಾರದ ಫಾರಂ ಪ್ರಕಾರವೇ ಅರ್ಧ ಅಂಕ ನಿಮ್ಮ ಕೈಯಲ್ಲಿ ಇಲ್ಲದ ವಿಷಯಕ್ಕೆ! ಬೀಡಿ ಮುಟ್ಟದೆ, ಎಣ್ಣೆ ಹಾಕದೆ, ದಿನಾ ಗದ್ದೆ ಕೆಲಸ ಮಾಡಿ, ಸಣ್ಣಗೆ ಕಡ್ಡಿ ಹಾಗಿರುವ 62ರ ಅಜ್ಜಿಗೆ, ಅವರ ಅಕ್ಕನಿಗೆ ಶುಗರ್ ಇದ್ದರೆ, ಸುಮ್ನೆ ಕೂತಲ್ಲೇ 6 ಅಂಕ ಬರುತ್ತದೆ.

ಇನ್ನೊಂದು ಸಂಗತಿ ಶುಗರ್‌ನದಲ್ಲ, ಹೃದಯದ್ದು, ಅದೂ ನಮ್ಮ ಮೈಸೂರಿನದೇ. ಅಲ್ಲಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲ ಬರೆದಿಟ್ಟಿತ್ತು. 1934 ಮತ್ತು 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷೆ ಮಾಡಿದರು. 1996ರಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರ ಪೈಕಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. 3.1 ಕೆಜಿಗಿಂತ ಜಾಸ್ತಿ ತೂಗಿದ್ದವರಲ್ಲಿ ನೂರಕ್ಕೆ 3. ಹೊಟ್ಟೆಯೊಳಗೆ ಇದ್ದಾಗ ಅಮ್ಮ ಏನು ತಿಂದಳು, ಎಷ್ಟು ದುಡಿದಳು ಅನ್ನುವುದು 50 ವರ್ಷ ಆದಮೇಲೆ ಮಗನ ಎದೆಯಲ್ಲಿ ಕಾಣಿಸಿತು. ಇದಕ್ಕೆ ಯಾರನ್ನು ಬೈಯುತ್ತೀರಿ? 1940ರಲ್ಲಿ ಬಸುರಿಯಾಗಿದ್ದ ಆ ತಾಯಿಯನ್ನಾ?

ಅಕ್ಕ ಇಲ್ಲಿ ತಡೆದಳು. "ಇದನ್ನ ಓದಿ ನಾಳೆ ಎಲ್ಲರೂ ವಾಕಿಂಗ್ ಬಿಡ್ತಾರೆ" ಅಂದಳು. ಬಿಡಬೇಡಿ. ಆ ಇನ್ನೊಂದು 6 ಅಂಕ ನಿಮ್ಮದೇ.

ಸ್ವೀಟ್ ಜಾಸ್ತಿ ತಿಂದಿದ್ದಕ್ಕೇ ಬಂತು ಅಂತಾರಲ್ಲ?

ಸಿಹಿ ತಿಂದ ಕೂಡಲೇ ಬರುವ ಕಾಯಿಲೆ ಆಗಿದ್ದರೆ ಮದುವೆ ಅಡುಗೆ ಭಟ್ಟರೆಲ್ಲ ಇನ್ಸುಲಿನ್ ಮೇಲೆ ಇರಬೇಕಿತ್ತು. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆ ಪ್ರಕಾರ ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನಕ್ಕೆ ಶುಗರ್ ಇದೆ, ಇನ್ನೂ 13.6 ಕೋಟಿ ಜನ ಬಾಗಿಲಲ್ಲಿ ನಿಂತಿದ್ದಾರೆ. ಇಷ್ಟೂ ಜನ ಒಟ್ಟಿಗೆ ಜಿಲೇಬಿಗೆ ಸೋತರು ಅಂತ ನನಗೆ ಅನ್ನಿಸುವುದಿಲ್ಲ.

ರೋಗಿಗಳು ಎಲ್ಲದಕ್ಕೂ "ಹಣೆಬರಹ" ಅಂತಾರೆ. ಜವಾಬ್ದಾರಿ ತಪ್ಪಿಸಿಕೊಳ್ಳೋಕೆ ಅಲ್ವಾ?

ಇದು ಡಾಕ್ಟರ್‌ಗಳ ಕಡೆಯಿಂದ ಬರುವ ಪ್ರಶ್ನೆ. ಅಕ್ಕನೂ ಮೊದಲು ಹಾಗೇ ಅಂದುಕೊಂಡಿದ್ದಳು.

ನಮ್ಮ ಕಡೆ ಶುಗರ್ ಯಾಕೆ ಬಂತು ಅಂತ ಕೇಳಿ ನೋಡಿ. "ಟೆನ್ಷನ್ನಿಂದ ಬಂತು." "ನಮ್ಮ ಮನೆತನದಲ್ಲೇ ಇದೆ." "ಈಗಿನ ಅಕ್ಕಿಗೆ ಬರೀ ಗೊಬ್ಬರ, ಔಷಧಿ, ಇನ್ನೇನಾಗುತ್ತೆ." "ಮಗಳ ಮದುವೆ ಸಾಲ ಆದಮೇಲೆ ಶುರುವಾಯ್ತು." ಎಲ್ಲ ಮುಗಿದಮೇಲೆ "ಹಣೆಬರಹ ಬಿಡಿ". ಕೇಳುವವರಿಗೆ ಇವರು ಕೈ ಚೆಲ್ಲಿದರು ಅನ್ನಿಸುತ್ತದೆ. ಆದರೆ ಹಣೆಬರಹ ಅಂದ ಅದೇ ಹೆಂಗಸು ಬೆಳಿಗ್ಗೆ 7ಕ್ಕೆ ಮಾತ್ರೆ ನುಂಗಿ, ಮೆಂತ್ಯ ನೆನೆಹಾಕಿದ ನೀರು ಕುಡಿದು, ಅನ್ನ ಒಂದು ಸೌಟು ಕಡಿಮೆ ಬಡಿಸಿಕೊಂಡಿರುತ್ತಾಳೆ. ಹಣೆಬರಹ ಅನ್ನುವುದು "ಯಾಕೆ ಬಂತು" ಅನ್ನುವುದಕ್ಕೆ ಉತ್ತರ. "ಈಗ ಏನು ಮಾಡ್ತೀಯ" ಅನ್ನುವುದಕ್ಕೆ ಅವಳ ಉತ್ತರ ಬೇರೆ, ಅದನ್ನು ಯಾರೂ ಕೇಳಿರುವುದಿಲ್ಲ ಅಷ್ಟೇ. ಎಷ್ಟೋ ಸಲ ಆ ಮಾತು ಮನಸ್ಸು ಹಗುರ ಮಾಡುತ್ತದೆ. ತಪ್ಪಿನ ಭಾರ ಇಳಿದರೆ ಮಾತ್ರೆ ನುಂಗುವುದು ಸುಲಭ.

ಹಣೆಬರಹ ಅಂತ ಮಾತ್ರೆ ಬಿಟ್ಟವರೂ ಇದ್ದಾರೆ. ಇಲ್ಲ ಅನ್ನುವುದಿಲ್ಲ. ಅಂಥವರಲ್ಲಿ ಜಾಸ್ತಿ ಜನ ದುಡ್ಡಿಲ್ಲದೆ ಬಿಟ್ಟಿರುತ್ತಾರೆ, ಕೇಳಿದರೆ ಹಣೆಬರಹ ಅನ್ನುತ್ತಾರೆ. ದುಡ್ಡಿಲ್ಲ ಅನ್ನುವುದಕ್ಕಿಂತ ಅದು ಮರ್ಯಾದೆಯ ಮಾತು.

ಡಾಕ್ಟರ್‌ಗಳು ಯಾಕೆ ಅಷ್ಟು ಬೈಯುತ್ತಾರೆ?

ಕಡೆಗೆ ಏನಾಗುತ್ತದೆ ಅಂತ ಅವರು ಕಣ್ಣಾರೆ ನೋಡಿರುತ್ತಾರೆ. ಅಕ್ಕ ಹೇಳುವ ಒಂದು ಸಂಗತಿ ಇದೆ. ಒಬ್ಬರು ಕಾಲಿನ ಕಿರುಬೆರಳಿಗೆ ಅರಿಶಿನ ಮೆತ್ತಿ, ಮೇಲೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಬಂದರು. ಚಪ್ಪಲಿ ಕಚ್ಚಿದ್ದು ಅಂದರು. ಮೂರು ವಾರ ಆಗಿತ್ತು. ನೋವೇ ಇರಲಿಲ್ಲವಂತೆ, ಅದಕ್ಕೇ ಬರಲಿಲ್ಲವಂತೆ. ಶುಗರ್ ಜಾಸ್ತಿ ವರ್ಷ ಇದ್ದರೆ ಕಾಲಿನ ನರ ಸತ್ತು ನೋವು ಗೊತ್ತಾಗುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಕವರ್ ಬಿಚ್ಚಿದಾಗ ಬಂದ ವಾಸನೆಗೆ ಪಕ್ಕದ ಬೆಡ್‌ನವರು ಎದ್ದು ಹೋದರು. ಬೆರಳು ಉಳಿಯಲಿಲ್ಲ. ಅವತ್ತು ಡಾಕ್ಟರ್ ಬೈದರು, ಜೋರಾಗಿಯೇ. ಆಮೇಲೆ ಹೊರಗೆ ಹೋಗಿ ಎರಡು ನಿಮಿಷ ಸುಮ್ಮನೆ ನಿಂತಿದ್ದರು ಅಂತ ಅಕ್ಕ ಹೇಳುತ್ತಾಳೆ.

ಸಮಯದ್ದೂ ಒಂದು ಕಾರಣ. ಬೇರೆ ಬೇರೆ ದೇಶಗಳಲ್ಲಿ ಡಾಕ್ಟರ್ ಒಬ್ಬ ರೋಗಿಗೆ ಎಷ್ಟು ಹೊತ್ತು ಕೊಡುತ್ತಾರೆ ಅಂತ 2017ರಲ್ಲಿ ಒಂದು ದೊಡ್ಡ ಲೆಕ್ಕ ಬಂತು. ಭಾರತದಲ್ಲಿ ಸುಮಾರು 2 ನಿಮಿಷ. ಎರಡು ನಿಮಿಷದಲ್ಲಿ ನಿಮ್ಮ ಊಟ, ನಿದ್ದೆ, ಸಾಲ, ಸೊಸೆ ಜೊತೆಗಿನ ಮನಸ್ತಾಪ ಎಲ್ಲ ಕೇಳಿ ಸಲಹೆ ಕೊಡುವುದು ಆಗದ ಮಾತು. ಬೈಯುವುದು ಆಗುತ್ತದೆ.

ನಮ್ಮ ಜನಕ್ಕೂ ಬೈಗುಳ ಒಂದು ಥರ ಇಷ್ಟವೇ. "ಆ ಡಾಕ್ಟರ್ ಚೆನ್ನಾಗಿ ಬೈತಾರೆ, ಕೈಗುಣ ಒಳ್ಳೇದು" ಅನ್ನುವವರನ್ನು ನೀವೂ ನೋಡಿದ್ದೀರಿ. ಮನೆಯ ಹಿರಿಯರು ಬೈದ ಹಾಗೆ ತಗೊಳ್ಳುತ್ತಾರೆ. ಆದರೆ ಬೈಸಿಕೊಂಡು ಸುಮ್ಮನಾದವರು ತಿದ್ದಿಕೊಂಡರು ಅಂತ ಅಲ್ಲ. ಎಷ್ಟೋ ಜನ ಮುಂದಿನ ಸಲ ಬರುವುದನ್ನೇ ಬಿಡುತ್ತಾರೆ.

ಟೆಸ್ಟ್‌ಗೆ ಮೂರು ದಿನ ಮೊದಲು ಬಾಯಿ ಕಟ್ಟಿದರೆ ನಡೆಯುತ್ತಾ?

ನಾನೂ ಮಾಡಿದ್ದೇನೆ. ನಾಚಿಕೆ ಏನಿಲ್ಲ, ಹೇಳುತ್ತೇನೆ.

ಮೊದಲ ವರ್ಷ ಡಾಕ್ಟರ್ ಒಂದು ಡೈರಿ ಕೊಟ್ಟು, ಮನೆಯಲ್ಲೇ ಮೆಷಿನ್‌ನಲ್ಲಿ ನೋಡಿ ವಾರಕ್ಕೆ ಮೂರು ಸಲ ಬರೆಯಿರಿ ಅಂದಿದ್ದರು. ಸ್ಟ್ರಿಪ್ ದುಬಾರಿ. ಬೆರಳು ಚುಚ್ಚಿಕೊಳ್ಳುವುದಕ್ಕೆ ಹಿಂಜರಿಕೆ ಬೇರೆ. ಮೂರು ತಿಂಗಳು ಡೈರಿ ಖಾಲಿ. ಹೋಗಬೇಕಾದ ಹಿಂದಿನ ರಾತ್ರಿ ಕೂತು ಎಲ್ಲ ಒಟ್ಟಿಗೆ ತುಂಬಿಸಿದೆ. 118, 124, 131, ನಂಬಲಿ ಅಂತ ಮಧ್ಯೆ ಒಂದು 152. ಜಾಣತನ ಅಂತ ಎರಡು ಬಣ್ಣದ ಪೆನ್ ಬೇರೆ ಬಳಸಿದ್ದೆ. ಡಾಕ್ಟರ್ ಡೈರಿ ನೋಡಿ, ಪಕ್ಕದಲ್ಲಿ ಎಚ್‌ಬಿಎ1ಸಿ ರಿಪೋರ್ಟ್ ಇಟ್ಟರು. 9.4. ಏನೂ ಹೇಳಲಿಲ್ಲ. ಡೈರಿ ಮುಚ್ಚಿ ನನ್ನ ಕೈಗೇ ಕೊಟ್ಟರು.

ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬದುಕುತ್ತವೆ. ಅಷ್ಟೂ ದಿನ ರಕ್ತದಲ್ಲಿ ಓಡಾಡಿದ ಸಕ್ಕರೆ ಅವಕ್ಕೆ ಅಂಟಿಕೊಳ್ಳುತ್ತದೆ. ಹಾಗಾಗಿ ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸರಾಸರಿ ತೋರಿಸುತ್ತದೆ, ಮೂರು ದಿನದ ಉಪವಾಸಕ್ಕೆ ಬಗ್ಗುವುದಿಲ್ಲ. ಬಹಳಷ್ಟು ಜನಕ್ಕೆ 7ರ ಒಳಗೆ ಇರಲಿ ಅನ್ನುತ್ತಾರೆ, ವಯಸ್ಸಾದವರಿಗೆ ಸ್ವಲ್ಪ ಸಡಿಲ ಬಿಡುತ್ತಾರೆ.

ನನ್ನನ್ನು ಕೇಳಿದರೆ ಸುಳ್ಳು ಡೈರಿಯಲ್ಲಿ ಕಾಣುವುದು ಭಯ. ಪರೀಕ್ಷೆ ಇದೆ ಅಂದರೆ ಮಕ್ಕಳು ಕಾಪಿ ಹೊಡೆಯುತ್ತಾರೆ, ಅದೇ ಥರ. ಸೋಮಾರಿ ಆಗಿದ್ದರೆ ಡೈರಿ ತುಂಬಿಸುವ ಗೋಜಿಗೂ ಹೋಗುತ್ತಿರಲಿಲ್ಲ.

ಎಲ್ಲ ಸರಿಯಾಗಿಯೇ ಮಾಡಿದೆ, ಆದರೂ ಮಾತ್ರೆ ಜಾಸ್ತಿ ಮಾಡಿದರು. ಎಲ್ಲಿ ತಪ್ಪಿದೆ?

ಎಲ್ಲೂ ತಪ್ಪಿಲ್ಲದೆ ಇರಬಹುದು. ಇಂಗ್ಲೆಂಡಿನಲ್ಲಿ 1977ರಲ್ಲಿ ಶುರುವಾಗಿ 1998ರಲ್ಲಿ ಫಲಿತಾಂಶ ಬಂದ ಯುಕೆಪಿಡಿಎಸ್ ಅಂತ ಒಂದು ದೊಡ್ಡ ಅಧ್ಯಯನ ಇದೆ. ಒಂದೇ ಔಷಧಿಯಲ್ಲಿ ಶುರುಮಾಡಿದವರಲ್ಲಿ 3 ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ಜನಕ್ಕೆ, 9 ವರ್ಷದ ಹೊತ್ತಿಗೆ ಮುಕ್ಕಾಲು ಪಾಲು ಜನಕ್ಕೆ ಒಂದಕ್ಕಿಂತ ಜಾಸ್ತಿ ಔಷಧಿ ಬೇಕಾಯಿತು. ಇನ್ಸುಲಿನ್ ಮಾಡುವ ಕಣಗಳು ವರ್ಷ ಕಳೆದ ಹಾಗೆ ಸೋಲುತ್ತವೆ. ಕಾಯಿಲೆಯ ಸ್ವಭಾವವೇ ಅದು.

ಇದನ್ನು ಮೊದಲ ದಿನವೇ ಹೇಳುವ ಡಾಕ್ಟರ್ ಅಪರೂಪ. ಬದಲಿಗೆ "ಹಿಂಗೇ ಮಾಡಿದ್ರೆ ಇಂಜೆಕ್ಷನ್ ಹಾಕಿಬಿಡ್ತೀನಿ ನೋಡಿ" ಅನ್ನುತ್ತಾರೆ, ಗುಮ್ಮ ಬರ್ತಾನೆ ಅಂದ ಹಾಗೆ. ಆಮೇಲೆ ನಿಜವಾಗಿ ಇನ್ಸುಲಿನ್ ಬೇಕಾದಾಗ ರೋಗಿ ಅದನ್ನು ಶಿಕ್ಷೆ ಅಂದುಕೊಂಡು ಆರು ತಿಂಗಳು ಮುಂದೂಡುತ್ತಾನೆ. ಇಲ್ಲಿ ಜವಾಬ್ದಾರಿ ತಪ್ಪಿದ್ದು ಯಾರು ಅಂತ ನೀವೇ ಹೇಳಿ. ಅಕ್ಕ ಈ ವಿಷಯದಲ್ಲಿ ಪೂರ್ತಿ ನನ್ನ ಕಡೆ.

ಅನ್ನ ಕಡಿಮೆ ಮಾಡಿ ಅಂತಾರೆ. ರೇಷನ್‌ನಲ್ಲಿ ಸಿಗೋದೇ ಅಕ್ಕಿ. ಏನು ಮಾಡೋದು?

ಇದಕ್ಕೆ ಸುಲಭದ ಉತ್ತರ ಇಲ್ಲ, ಇರುವ ಹಾಗೆ ನಟಿಸುವುದೂ ಇಲ್ಲ.

2013ರಲ್ಲಿ ಅನ್ನಭಾಗ್ಯ ಬಂತು. ಹಸಿವು ನೀಗಿಸಿದ ಯೋಜನೆ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಹೆಸರೇ ಹೇಳುವ ಹಾಗೆ ತಟ್ಟೆಯಲ್ಲಿ ಅನ್ನ ಬೆಳೆಯಿತು. ಕೆಲವು ಜಿಲ್ಲೆಗಳಲ್ಲಿ ಜೊತೆಗೆ ರಾಗಿ, ಉತ್ತರದ ಕಡೆ ಜೋಳ ಕೊಡುತ್ತಾರೆ, ಎಲ್ಲ ತಿಂಗಳೂ ಅಲ್ಲ. 2023ರಲ್ಲಿ ಹೆಚ್ಚುವರಿ ಅಕ್ಕಿ ಸಿಗದೆ ಕೆಜಿಗೆ 34 ರೂಪಾಯಿ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು, 2025ರಲ್ಲಿ ಮತ್ತೆ ಅಕ್ಕಿಯೇ ಬಂತು. ಒಂದು ಕಡೆ ಸರ್ಕಾರ ಅಕ್ಕಿ ಕೊಡುತ್ತದೆ, ಇನ್ನೊಂದು ಕಡೆ ಅದೇ ಸರ್ಕಾರದ ಆಸ್ಪತ್ರೆಯಲ್ಲಿ "ಅನ್ನ ಮುಟ್ಟಬೇಡಿ, ತರಕಾರಿ ಜಾಸ್ತಿ, ಮೊಳಕೆ ಕಾಳು, ಒಂದು ಹಣ್ಣು" ಅಂತ ಚೀಟಿ ಬರೆಯುತ್ತಾರೆ. ಕೂಲಿಗೆ ಹೋಗುವವರು ಬೀನ್ಸ್ ರೇಟು ಕೇಳಿ ಆ ಚೀಟಿಯನ್ನು ಮಡಚಿ ಜೇಬಿಗೆ ಹಾಕುತ್ತಾರೆ.

"ಊಟ ಬಲ್ಲವನಿಗೆ ರೋಗವಿಲ್ಲ" ಅಂತ ಗಾದೆ. ಬಲ್ಲವನಿಗೆ ಕೊಳ್ಳುವ ಶಕ್ತಿಯೂ ಇದೆ ಅಂತ ಗಾದೆ ಮಾಡಿದವರು ಅಂದುಕೊಂಡಿರಬೇಕು.

ಹಾಗಂತ ಏನೂ ಮಾಡಲಾಗದು ಅಂತಲ್ಲ. ಅನ್ನ ಬಿಟ್ಟು ಮುದ್ದೆ ಹಿಡಿದರೆ ಶುಗರ್ ಓಡಿಹೋಗುತ್ತದೆ ಅನ್ನುವ ನಂಬಿಕೆ ಮೊದಲು ಬಿಡಿ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಜಾಸ್ತಿ, ಒಳ್ಳೆಯದೇ. ಆದರೆ ತೆಂಗಿನಕಾಯಿ ಗಾತ್ರದ ಎರಡು ಮುದ್ದೆ ಇಳಿಸಿದರೆ ರಾಗಿಯೂ ಶುಗರ್ ಏರಿಸುತ್ತದೆ. ಪ್ರಮಾಣ ಮುಖ್ಯ. ನಮ್ಮ ಮನೆಯಲ್ಲಿ ಉಪಯೋಗಕ್ಕೆ ಬಂದದ್ದು ಒಂದೇ ಉಪಾಯ. ಮೊದಲು ಸೊಪ್ಪಿನ ಸಾರು, ಪಲ್ಯ, ಹುರುಳಿಯೋ ಅವರೆಯೋ ಕಾಳು ಬಡಿಸುವುದು, ಅನ್ನ ಕಡೆಗೆ. ಅಷ್ಟು ಹೊತ್ತಿಗೆ ಹೊಟ್ಟೆ ಅರ್ಧ ತುಂಬಿರುತ್ತದೆ. ಸೊಪ್ಪು ಹಿತ್ತಲಲ್ಲೋ ಹೊಲದ ಬದುವಿನಲ್ಲೋ ಸಿಕ್ಕಿದರೆ ಖರ್ಚೂ ಇಲ್ಲ. ಬೆಂಗಳೂರಿನ ಪಿಜಿಯಲ್ಲಿ ಇರುವವರಿಗೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಬಡಿಸಿದ್ದೇ ಊಟ.

ಗಂಡನಿಗೆ ಶುಗರ್. ಅಡುಗೆ ಮಾಡೋಳು ನಾನು. ಇದು ನನ್ನ ಜವಾಬ್ದಾರಿಯಾ?

ಡಾಕ್ಟರ್ ಕೊಠಡಿಯಲ್ಲಿ ಒಂದು ನಾಟಕ ನಡೆಯುತ್ತದೆ, ನೋಡಿ. ರೋಗಿ ಗಂಡಸು. ಡಾಕ್ಟರ್ ಸಲಹೆ ಶುರುಮಾಡಿದ ತಕ್ಷಣ ಅವನು ಹೆಂಡತಿ ಕಡೆ ನೋಡುತ್ತಾನೆ. ಡಾಕ್ಟರೂ ನೋಡುತ್ತಾರೆ. "ನೋಡಮ್ಮ, ಉಪ್ಪು ಕಡಿಮೆ ಹಾಕು." ಕಾಯಿಲೆ ಅವನದು, ಹೋಂವರ್ಕ್ ಅವಳದು. ಮುಂದಿನ ಸಲ ಶುಗರ್ ಏರಿದ್ದರೆ ಬೈಗುಳವೂ ಅವಳಿಗೇ. ಸಂಜೆ ಸರ್ಕಲ್‌ನಲ್ಲಿ ನಿಂತು ಅವನು ತಿಂದ ಬೋಂಡದ ಲೆಕ್ಕ ಯಾರ ಬಳಿಯೂ ಇಲ್ಲ.

ಹೆಂಗಸಿಗೆ ಶುಗರ್ ಬಂದಾಗ ಗಂಡನ ಕಡೆ ತಿರುಗಿ "ನೋಡಪ್ಪ, ಇವಳಿಗೆ ಅಡುಗೆ ಹೀಗೆ ಮಾಡು" ಅಂದ ಡಾಕ್ಟರನ್ನು ಅಕ್ಕ ಇಷ್ಟು ವರ್ಷದಲ್ಲಿ ಒಬ್ಬರನ್ನೂ ನೋಡಿಲ್ಲ. ಅವಳು ಎಲ್ಲರಿಗೂ ಬಡಿಸಿ, ಕಡೆಗೆ ಚೆಲ್ಲಬಾರದು ಅಂತ ತಳದ ಅನ್ನ ತಾನೇ ತಿನ್ನುತ್ತಾಳೆ. ವಾಕಿಂಗ್ ಹೋಗು ಅಂದರೆ "ಹಳ್ಳೀಲಿ ಹೆಂಗಸರು ಸುಮ್ನೆ ರಸ್ತೇಲಿ ನಡೆದ್ರೆ ನಗ್ತಾರೆ" ಅನ್ನುತ್ತಾಳೆ. ನೆವ ಅಂದುಕೊಳ್ಳಬೇಡಿ, ಅಲ್ಲಿ ಹೋಗಿ ನಡೆದು ನೋಡಿ.

ನಿಮ್ಮ ಪ್ರಶ್ನೆಗೆ ಉತ್ತರ: ಅಡುಗೆಯಲ್ಲಿ ಸಹಾಯ ಮಾಡಬಹುದು. ಅವರ ಬಾಯಿ ಅವರೇ ಕಟ್ಟಬೇಕು.

"ನಿರ್ಲಕ್ಷ್ಯ ಮಾಡಿದ್ದರಿಂದ ಹೀಗಾಯಿತು" ಅನ್ನೋದು ಎಷ್ಟು ಸರಿ?

ಇದಕ್ಕೆ ತುಮಕೂರಿನ ಒಂದು ಹಳೆಯ ಕಥೆ ಹೇಳಬೇಕು. ಕಥೆ ಅಲ್ಲ, ನಡೆದದ್ದು.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಹಳ್ಳಿ ಜನಕ್ಕೆ ಕಾಯಿಲೆಯ ತಿಳಿವಳಿಕೆ ಇಲ್ಲ, ಕೆಮ್ಮಿದರೂ ಸುಮ್ಮನಿರುತ್ತಾರೆ, ಅದಕ್ಕೇ ಕ್ಷಯ ಹಬ್ಬುತ್ತದೆ ಅನ್ನುವುದು ಆಗಿನ ಸಾಮಾನ್ಯ ನಂಬಿಕೆ. ಆ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಕ್ಷಯ ಇದ್ದವರನ್ನೇ ಕೂರಿಸಿ ಕೇಳಿದರು. 1963ರಲ್ಲಿ ವರದಿ ಬಂತು. ಬಹುತೇಕ ಎಲ್ಲರಿಗೂ ತಮಗೆ ಏನೋ ಆಗಿದೆ ಅಂತ ಗೊತ್ತಿತ್ತು. ಬಹಳ ಜನಕ್ಕೆ ಚಿಂತೆಯೂ ಇತ್ತು. ಅರ್ಧಕ್ಕಿಂತ ಜಾಸ್ತಿ ಜನ ಆಗಲೇ ಆಸ್ಪತ್ರೆ ಬಾಗಿಲು ತಟ್ಟಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ!

ಅಂದರೆ ರೋಗಿ ತನ್ನ ಪಾಲಿನ ಕೆಲಸ ಮಾಡಿದ್ದ. ಆಸ್ಪತ್ರೆಗೆ ಬಂದಿದ್ದ. ಈ ಕಡೆಯವರು ಕಫ ಪರೀಕ್ಷೆ ಮಾಡಲಿಲ್ಲ. ಆಮೇಲೆ ದೇಶದ ಕ್ಷಯ ಕಾರ್ಯಕ್ರಮವನ್ನು ಸಾಮಾನ್ಯ ಆಸ್ಪತ್ರೆಗಳ ಮೂಲಕವೇ ನಡೆಸುವ ತೀರ್ಮಾನಕ್ಕೆ ಈ ಕೆಲಸ ದೊಡ್ಡ ಆಧಾರವಾಯಿತು.

ಅದಾದ ಮೇಲೂ ದಶಕಗಟ್ಟಲೆ, ಮಾತ್ರೆ ಮಧ್ಯದಲ್ಲಿ ಬಿಟ್ಟವರನ್ನು ರಿಜಿಸ್ಟರ್‌ನಲ್ಲಿ "ಡಿಫಾಲ್ಟರ್" ಅಂತ ಬರೆಯುತ್ತಿದ್ದರು. ಬ್ಯಾಂಕ್ ಸಾಲ ಕಟ್ಟದವರಿಗೆ ಅನ್ನುವ ಅದೇ ಪದ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತೆಗೆದು "ಸಂಪರ್ಕ ತಪ್ಪಿದವರು" ಅನ್ನುವ ಅರ್ಥದ ಪದ ತಂದಿತು. ಪದ ಬದಲಾದರೆ ಏನು ಬಂತು ಅಂತ ನಾನು ಕೇಳಿದೆ. ಅಕ್ಕ ಹೇಳಿದಳು, "ಡಿಫಾಲ್ಟರ್ ಅಂದ್ರೆ ಅವರು ಬರಲಿಲ್ಲ ಅಂತ. ಸಂಪರ್ಕ ತಪ್ಪಿತು ಅಂದ್ರೆ ನಾವೂ ಹುಡುಕಲಿಲ್ಲ ಅಂತ."

ಅಪ್ಪು ಅಷ್ಟು ವ್ಯಾಯಾಮ ಮಾಡುತ್ತಿದ್ದರು. ಅವರಿಗೇ ಹಾಗಾದರೆ ನಾವು ಮಾಡಿ ಏನು ಪ್ರಯೋಜನ?

2021ರ ಅಕ್ಟೋಬರ್ 29. ಪುನೀತ್ ರಾಜ್‌ಕುಮಾರ್‌ಗೆ ಆಗ 46 ವರ್ಷ. ಆ ವಾರ ಹೃದಯದ ಆಸ್ಪತ್ರೆಗಳ ಮುಂದೆ ಚೆಕಪ್‌ಗೆ ಸಾಲು ನಿಂತಿತ್ತು. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಹರಡಿದಾಗಲೂ ಬೆಂಗಳೂರು, ಮೈಸೂರು ಜಯದೇವದಲ್ಲಿ ಅದೇ ಆಯಿತು. ಕೆಲವರು ಜಿಮ್ ಬಿಟ್ಟರು, ಕೆಲವರು "ಅಯ್ಯೋ ಬಿಡಿ, ಬರೋದು ಬಂದೇ ಬರುತ್ತೆ" ಅಂತ ಮತ್ತೆ ಸಿಗರೇಟು ಹಚ್ಚಿದರು.

ವ್ಯಾಯಾಮ ಅಪಾಯ ಕಡಿಮೆ ಮಾಡುತ್ತದೆ, ಅಳಿಸಿಹಾಕುವುದಿಲ್ಲ. ಹೆಲ್ಮೆಟ್ ಹಾಕಿದವರೂ ಅಪಘಾತದಲ್ಲಿ ಸಾಯುತ್ತಾರೆ, ಅದಕ್ಕೆ ಯಾರೂ ಹೆಲ್ಮೆಟ್ ಎಸೆಯುವುದಿಲ್ಲ, ಅಲ್ವಾ? (ಎಸೆಯುವವರೂ ಇದ್ದಾರೆ, ಅದು ಬೇರೆ ಪುಟ.) ಅವರ ಹೆಸರಿನಲ್ಲಿ ಬಂದ ಹೃದಯ ಜ್ಯೋತಿ ಯೋಜನೆ ಇದಕ್ಕೆ ಒಳ್ಳೆಯ ಉತ್ತರ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೃದಯಾಘಾತ ಅಂತ ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಅಲ್ಲಿ ಯಾರೂ "ನೀವು ವಾಕಿಂಗ್ ಮಾಡ್ತಿದ್ರಾ" ಅಂತ ಕೇಳಿ ಕೊಡುವುದಿಲ್ಲ.

ಕುಡಿದು ಲಿವರ್ ಹಾಳು ಮಾಡಿಕೊಂಡವರಿಗೆ ನಮ್ಮ ತೆರಿಗೆ ದುಡ್ಡು ಯಾಕೆ?

ಅವರ ದುಡ್ಡೂ ಅದರಲ್ಲಿದೆ. ರಾಜ್ಯದ ಅಬಕಾರಿ ಆದಾಯ ವರ್ಷಕ್ಕೆ 30 ಸಾವಿರ ಕೋಟಿ ದಾಟುತ್ತದೆ. ಬಾರ್‌ಗೆ ಹೋಗುವ ಬಾಟಲಿ ಸರ್ಕಾರದ್ದೇ ಪಾನೀಯ ನಿಗಮದ ಗೋದಾಮಿನಿಂದ ಹೋಗಬೇಕು. ಟಾರ್ಗೆಟ್ ಇಟ್ಟು ಮಾರಿದವರು ಕಡೆಗೆ "ನಿನ್ನ ಜವಾಬ್ದಾರಿ ನಿನ್ನದು" ಅನ್ನುವುದು ಯಾವ ನ್ಯಾಯ? ಕುಡಿಯುವವನದು ತಪ್ಪೇ ಇಲ್ಲ ಅಂತಲ್ಲ. ಮನೆ ಹಾಳಾದದ್ದನ್ನು ನಾನೂ ಹತ್ತಿರದಿಂದ ನೋಡಿದ್ದೇನೆ. ಆದರೆ ಆಸ್ಪತ್ರೆ ಬಾಗಿಲಲ್ಲಿ ನಿಂತು ಯಾರು ಒಳ್ಳೆಯವರು ಅಂತ ಆರಿಸಲು ಶುರುಮಾಡಿದರೆ ಮುಂದಿನ ಸರದಿ ಮೈಸೂರು ಪಾಕ್ ತಿಂದವರದು.

ಬೇರೆ ದೇಶಗಳಲ್ಲಿ ರೋಗಿಯ ಜವಾಬ್ದಾರಿ ಬರೆದಿಟ್ಟಿದ್ದಾರಾ?

ಬರೆದಿದ್ದಾರೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 2009ರಲ್ಲಿ ತಂದ ಸಂವಿಧಾನದಲ್ಲಿ ನಿಮ್ಮ ಆರೋಗ್ಯಕ್ಕೆ ನೀವೂ ಹೊಣೆ ಹೊರಿ ಅಂತ ವಿನಂತಿ ಇದೆ, ತಪ್ಪಿದರೆ ಚಿಕಿತ್ಸೆ ಇಲ್ಲ ಅಂತ ಇಲ್ಲ. ಜರ್ಮನಿಯಲ್ಲಿ ಹಲ್ಲಿಗೆ ಒಂದು ಬೋನಸ್ ಪುಸ್ತಕ ಇದೆ. 5 ವರ್ಷ ತಪ್ಪದೆ ತಪಾಸಣೆಗೆ ಹೋಗಿ ಸೀಲ್ ಹಾಕಿಸಿಕೊಂಡರೆ ಮುಂದೆ ಕಟ್ಟಿಸುವ ಹಲ್ಲಿಗೆ ವಿಮೆಯ ಸಹಾಯಧನ 60ರಿಂದ 70 ಪರ್ಸೆಂಟ್‌ಗೆ ಏರುತ್ತದೆ, 10 ವರ್ಷಕ್ಕೆ 75.

ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ 2007ರ ಸುಮಾರಿಗೆ ಬಡವರ ಸರ್ಕಾರಿ ವಿಮೆಗೆ ಕರಾರು ಪತ್ರ ತಂದರು. ಡಾಕ್ಟರ್ ಹೇಳಿದ ಹಾಗೆ ನಡೆಯುತ್ತೇನೆ ಅಂತ ಸಹಿ ಹಾಕಿದರೆ ಒಳ್ಳೆಯ ಪ್ಯಾಕೇಜ್, ಇಲ್ಲದಿದ್ದರೆ ತಿಂಗಳಿಗೆ 4 ಔಷಧಿಗಳ ಮಿತಿ. ಬಹುತೇಕರು ಸಹಿ ಹಾಕಲೇ ಇಲ್ಲ, ಮಿತಿಯ ಪ್ಯಾಕೇಜ್‌ನಲ್ಲೇ ಉಳಿದರು. ಡಾಕ್ಟರ್‌ಗಳೇ ಇದನ್ನು ವಿರೋಧಿಸಿದರು, ರೋಗಿ ಮೇಲೆ ಚಾಡಿ ಹೇಳುವ ಕೆಲಸ ನಮ್ಮದಲ್ಲ ಅಂತ.

ನಮ್ಮಲ್ಲಿ?

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಮಾಡಿದ ರೋಗಿಗಳ ಹಕ್ಕುಪತ್ರದಲ್ಲಿ 17 ಹಕ್ಕುಗಳ ಜೊತೆ ಜವಾಬ್ದಾರಿಗಳೂ ಇವೆ. ವಿಷಯ ಮುಚ್ಚಿಡಬಾರದು, ಚಿಕಿತ್ಸೆಗೆ ಸಹಕರಿಸಬೇಕು, ಸಿಬ್ಬಂದಿ ಮೇಲೆ ಕೈ ಮಾಡಬಾರದು, ತಾನು ಆರಿಸಿದ ದಾರಿಗೆ ತಾನೇ ಹೊಣೆ. ಕಡೆಯದನ್ನು ಗಮನಿಸಿ. ಆರಿಸಬೇಕಾದರೆ ಮೊದಲು ಯಾರಾದರೂ ಎರಡು ದಾರಿ ತೋರಿಸಿರಬೇಕು. ಅದಕ್ಕೇ ಮಾಹಿತಿ ಕೇಳುವುದು, ನಿಮ್ಮ ದಾಖಲೆಯ ಪ್ರತಿ ಪಡೆಯುವುದು, ಇನ್ನೊಬ್ಬ ಡಾಕ್ಟರ್ ಅಭಿಪ್ರಾಯ ಕೇಳುವುದು ಹಕ್ಕುಗಳ ಪಟ್ಟಿಯಲ್ಲಿವೆ.

ಮುಂದಿನ ಸಲ ಹೋದಾಗ ನಾನು ಏನು ಮಾಡಲಿ?

ಸುಳ್ಳು ಡೈರಿ ಬೇಡ. ಖಾಲಿ ಡೈರಿ ವಾಸಿ. ಮಾತ್ರೆ ಸ್ಟ್ರಿಪ್‌ಗಳನ್ನು, ಆಯುರ್ವೇದದ ಪುಡಿ ಏನಾದರೂ ತಗೊಳ್ಳುತ್ತಿದ್ದರೆ ಅದನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ದುಡ್ಡಿನ ತೊಂದರೆ ಇದ್ದರೆ ಬಾಯಿಬಿಟ್ಟು ಹೇಳಿ, ಶುಗರ್‌ನ ಸಾಮಾನ್ಯ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಒಂದೇ ಒಂದು ಪ್ರಶ್ನೆ ಮೊದಲೇ ಬರೆದುಕೊಂಡು ಹೋಗಿ. ಇರುವುದು ಎರಡು ನಿಮಿಷ.

ನಾನು ನರ್ಸ್. ಬೈಯದೆ ಹೇಳೋದು ಹೇಗೆ?

ಇದನ್ನು ಅಕ್ಕನಿಗೇ ಬಿಟ್ಟೆ. ಅವಳು ಹೇಳಿದ್ದು ಇಷ್ಟು. "ಮಾತ್ರೆ ತಪ್ಪಿಸಿದ್ರಾ" ಅಂತ ಕೇಳಿದರೆ ಎಲ್ಲರೂ "ಇಲ್ಲಮ್ಮ" ಅನ್ನುತ್ತಾರೆ. ಈಗ ಅವಳು "ಈ ವಾರ ಎಷ್ಟು ಮಾತ್ರೆ ತಪ್ಪಿತು" ಅಂತ ಕೇಳುತ್ತಾಳೆ. ತಪ್ಪುವುದು ಸಹಜ ಅನ್ನುವ ಹಾಗೆ. ಒಬ್ಬ ಅಜ್ಜ ಸ್ವಲ್ಪ ಹೊತ್ತು ಯೋಚನೆ ಮಾಡಿ "ಭಾನುವಾರದ್ದು ಯಾವಾಗಲೂ ತಪ್ಪುತ್ತೆ" ಅಂದರಂತೆ. ಯಾಕೆ ಅಂದರೆ, ಭಾನುವಾರ ಮಗಳ ಮನೆಗೆ ಹೋಗುತ್ತಾರೆ, ಮಾತ್ರೆ ಡಬ್ಬ ತೆಗೆದರೆ ಬೀಗರಿಗೆ ಶುಗರ್ ಇರುವುದು ಗೊತ್ತಾಗುತ್ತದೆ. ಮೂರು ವರ್ಷದಿಂದ ಅವರ ಚೀಟಿಯಲ್ಲಿ "ಸರಿಯಾಗಿ ಮಾತ್ರೆ ತಗೊಳ್ಳುವುದಿಲ್ಲ" ಅಂತ ಇತ್ತು. ಅಕ್ಕ ಸ್ಟ್ರಿಪ್‌ನಿಂದ ಎರಡು ಮಾತ್ರೆ ಕತ್ತರಿಸಿ, ಸಣ್ಣ ಕಾಗದದಲ್ಲಿ ಮಡಚಿ ಅವರ ಅಂಗಿ ಜೇಬಿಗೆ ಹಾಕಿದಳು. "ಕೈ ತೊಳೆಯೋಕೆ ಹಿತ್ತಲಿಗೆ ಹೋಗ್ತೀರಲ್ಲ ಅಜ್ಜ, ಆಗ ನುಂಗಿಬಿಡಿ" ಅಂದಳಂತೆ.